ಹದಿನೇಳನೇ ಆಕ್ಷೇಪಣೆಗೆ ಉತ್ತರ

ವಾರಿಜಾಳ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವಳ ತಾಯಿ ಸರ್ವಮಂಗಳಮ್ಮ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು: "ನಮ್ಮ ವಾರಿಜಾ ಉತ್ತರ ಬರಿಯೋ ಕೆಲಸದಾಗೆ ಐದಾಳೆ." ಅದು ನಿಜವೂ ಆಗಿತ್ತು. ದಾವಣಗೆರೆಯಲ್ಲಿ ಯಾರೇ ನಾಲ್ಕು ಮಹಡಿಗಿಂತ ಎತ್ತರದ ಕಟ್ಟಡ ಕಟ್ಟಬೇಕಾದರೂ ನಕಾಶೆಯನ್ನು ಪರಿಶೀಲನಾ ಮಂಡಳಿಗೆ ಸಲ್ಲಿಸಬೇಕು. ಮಂಡಳಿಯವರು ಅದನ್ನು ಓದಿ ಆಕ್ಷೇಪಣೆಗಳ ಪಟ್ಟಿ ಕಳಿಸುತ್ತಾರೆ. ಮೆಟ್ಟಿಲಿನ ಅಗಲ ಸಾಲದು, ಮಳೆನೀರು ಎಲ್ಲಿ ಇಂಗುತ್ತದೆ ತೋರಿಸಿ, ಬೆಂಕಿ ಬಿದ್ದರೆ ಆರನೇ ಮಹಡಿಯ ಮುದುಕರು ಇಳಿಯುವುದು ಹೇಗೆ ವಿವರಿಸಿ. ಕಟ್ಟುವವರ ಪರವಾಗಿ ಒಂದೊಂದಕ್ಕೂ ಉತ್ತರ ಬರೆದು ಮಂಡಳಿಯನ್ನು ಒಪ್ಪಿಸುವುದು ವಾರಿಜಾಳ ಪಾಲಿನ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಸಾವಿರಾರು ಉತ್ತರ ಬರೆದಿದ್ದಳು. ಬಹುಪಾಲು 'ಒಪ್ಪಿ ತಿದ್ದಲಾಗಿದೆ' ಅಥವಾ 'ಅನ್ವಯಿಸುವುದಿಲ್ಲ' ಎನ್ನುವುದರಲ್ಲೇ ಮುಗಿಯುತ್ತಿದ್ದವು.

ಆ ವರ್ಷ ಅವಳ ಮೇಜಿಗೆ ಬಂದದ್ದು ಗುರುಪ್ರಭು ಮಿಲ್ ಲೈನಿನ ನಕಾಶೆ. ಹತ್ತಿ ಮಿಲ್ಲು ಮುಚ್ಚಿ ಐವತ್ತು ವರ್ಷ ದಾಟಿತ್ತು. ಲೈನನ್ನು, ಎಂದರೆ ಕಾರ್ಮಿಕರ ಮನೆಗಳ ಸಾಲನ್ನು, ಕೆಡವಿಯೂ ನಲವತ್ತು ವರ್ಷವಾಗಿತ್ತು. ಜಾಲಿ ಬೆಳೆದು ನಿಂತಿದ್ದ ಆ ಜಾಗ ಕೋರ್ಟು ಕಚೇರಿ ಸುತ್ತಿ ಕೊನೆಗೂ ಹಳೆಯ ಕಾರ್ಮಿಕರ ಸಂಘದ ಕೈಸೇರಿತ್ತು. ತೊಂಬತ್ತಾರು ಕುಟುಂಬಗಳಿಗೆ ತೊಂಬತ್ತಾರು ಮನೆಗಳ ಅಪಾರ್ಟ್‌ಮೆಂಟ್. ಸಂಘದ ಕಾರ್ಯದರ್ಶಿ ಷಡಕ್ಷರಪ್ಪನವರಿಗೆ ಆಗ ಎಂಬತ್ನಾಲ್ಕು ವರ್ಷ. ಈ ಜಾಗಕ್ಕಾಗಿ ಅವರು ಅರ್ಧ ಆಯುಸ್ಸು ಓಡಾಡಿದ್ದರು. ಅನುಮತಿಯ ಅವಧಿ ಆ ವರ್ಷದ ಕೊನೆಗೆ ತೀರುತ್ತಿತ್ತು. ಅಷ್ಟರೊಳಗೆ ನಕಾಶೆಗೆ ಮಂಜೂರಾತಿ ಸಿಗದಿದ್ದರೆ ಮತ್ತೆ ಮೊದಲಿನಿಂದ ಶುರು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮತ್ತೆ ಮೊದಲಿನಿಂದ ಶುರು ಮಾಡುವ ವಯಸ್ಸು ಉಳಿದಿರಲಿಲ್ಲ.

ಮಂಡಳಿಯಿಂದ ಇಪ್ಪತ್ತಮೂರು ಆಕ್ಷೇಪಣೆ ಬಂದವು. ಇಪ್ಪತ್ತೆರಡಕ್ಕೆ ವಾರಿಜಾ ಒಂದು ವಾರದಲ್ಲಿ ಉತ್ತರ ಬರೆದಳು. ಹದಿನೇಳನೆಯದು ಮಾತ್ರ ಉಳಿಯಿತು. ಅದು ಹೀಗಿತ್ತು: 'ನಿವೇಶನದ ವಾಯವ್ಯ ಮೂಲೆಯಲ್ಲಿ ಸುಮಾರು ಹತ್ತಡಿ ಉದ್ದ, ಆರಡಿ ಅಗಲದ ನೆಲ ಮೂವತ್ತೊಂದು ವರ್ಷ ಹೆಚ್ಚುಕಡಿಮೆ ಪ್ರತಿದಿನವೂ ಕಾದಿರುವುದು ಮಣ್ಣಿನ ಓದಿನಲ್ಲಿ ಕಂಡುಬಂದಿದೆ. ಮಿಲ್ಲಿನ ಯಾವ ದಾಖಲೆಯಲ್ಲೂ ಇಲ್ಲಿ ಕುಲುಮೆಯಾಗಲಿ ಭಟ್ಟಿಯಾಗಲಿ ಇಲ್ಲ. ವಿಷತ್ಯಾಜ್ಯ ಸುಟ್ಟಿರುವ ಸಂಶಯವಿದೆ. ಇದು ಏನೆಂಬುದನ್ನು ಕಣ್ಣಾರೆ ಕಂಡ, ಪರಸ್ಪರ ಸಂಬಂಧವಿಲ್ಲದ ಇಬ್ಬರ ಸಾಕ್ಷ್ಯದೊಂದಿಗೆ ಮೂವತ್ತು ದಿನಗಳೊಳಗೆ ವಿವರಿಸುವುದು. ತಪ್ಪಿದಲ್ಲಿ ಇಡೀ ಜಾಗವನ್ನು ಅಗೆದು ಪರೀಕ್ಷಿಸಲಾಗುವುದು.' ಅಗೆತ ಎಂದರೆ ಎರಡು ವರ್ಷ.

ಮಣ್ಣಿನ ಓದು ಆಗಿನ್ನೂ ಹೊಸದು. ಅದರ ಯಂತ್ರವಿದ್ದದ್ದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಡಾಕ್ಟರ್ ಶಾಹೀನಾರ ಉಸ್ತುವಾರಿಯಲ್ಲಿ. ವಾರಿಜಾ ಅಲ್ಲಿಗೆ ಹೋದಾಗ ಅವರು ಬಾಗಿಲು ಹಾಕಿ, ದೀಪ ಆರಿಸಿ, ಕತ್ತಲಲ್ಲಿ ಒಂದು ಗಾಜಿನ ತಟ್ಟೆಯನ್ನು ತೋರಿಸಿದರು. ಅದರಲ್ಲಿ ಒಂದು ಚಿಟಿಕೆ ಮರಳು. ಅದರ ಮೇಲೆ ಕೆಂಪು ಕಿರಣವೊಂದನ್ನು ಹಾಯಿಸಿದಾಗ, ಪಕ್ಕದ ಪರದೆಯ ಮೇಲೆ ಮರಳಿನ ಕಣಗಳು ಒಂದೊಂದಾಗಿ ನೀಲಿಯಾಗಿ ಹೊಳೆದು ಆರಿದವು. ಶಾಹೀನಾ ವಿವರಿಸಿದರು: ನೆಲದಲ್ಲಿ ತಾನಾಗಿ ಇರುವ ಅಲ್ಪ ವಿಕಿರಣವನ್ನು ಬೆಣಚುಕಲ್ಲಿನ ಕಣಗಳು ವರ್ಷವರ್ಷವೂ ಇಷ್ಟಿಷ್ಟೇ ಕೂಡಿಟ್ಟುಕೊಳ್ಳುತ್ತವೆ. ಬಿಸಿಲು ಬಿದ್ದರೆ ಅಥವಾ ಬೆಂಕಿ ತಾಗಿದರೆ ಕೂಡಿಟ್ಟದ್ದೆಲ್ಲ ಖಾಲಿಯಾಗಿ, ಮತ್ತೆ ಸೊನ್ನೆಯಿಂದ ಕೂಡಿಡಲು ತೊಡಗುತ್ತವೆ. ಹಾಗಾಗಿ ಯಾವ ಕಣ ಎಷ್ಟು ಹೊಳೆಯಿತು ಎನ್ನುವುದರಿಂದ ಆ ಜಾಗಕ್ಕೆ ಯಾವಾಗ ಬಿಸಿಲಿತ್ತು, ಯಾವಾಗ ನೆರಳಿತ್ತು, ಎಲ್ಲಿ ಬೆಂಕಿ ಉರಿಯುತ್ತಿತ್ತು ಎಂದು ಹೇಳಬಹುದು. ಹಿಂದಿನ ಯಂತ್ರಗಳು ಕೊನೆಯ ಸಲ ಕಾದದ್ದನ್ನು ಮಾತ್ರ ಹೇಳುತ್ತಿದ್ದವು. ಈ ಯಂತ್ರ ಬೂದಿಯ ಪದರಗಳ ನಡುವಿನ ಕಣಗಳನ್ನೂ ಓದುತ್ತಿತ್ತು.

ಆಮೇಲೆ ಅವರು ಮಿಲ್ ಲೈನಿನ ಇಡೀ ಚಿತ್ರವನ್ನು, ಹೆಚ್ಚು ಕಾದ ಜಾಗ ಹೆಚ್ಚು ಹೊಳೆಯುವಂತೆ ಬಣ್ಣ ಕೊಟ್ಟು, ಪರದೆಗೆ ತಂದರು. ವಾರಿಜಾ ಪರದೆಯ ಹತ್ತಿರಕ್ಕೆ ಬಾಗಿದಳು. ಜಾಲಿಯ ಪೊದೆ ಬಿಟ್ಟರೆ ಬೇರೇನೂ ಇಲ್ಲದ ಆ ಬಯಲಿನಲ್ಲಿ ಮೂರು ಸಾಲು ಮನೆಗಳು ಎದ್ದು ಕಾಣುತ್ತಿದ್ದವು. ಗೋಡೆಗಳಲ್ಲ, ಗೋಡೆಗಳ ನೆರಳು. ಪ್ರತಿ ಮನೆಯ ಹಿಂಬದಿಯಲ್ಲಿ ಅಡುಗೆ ಒಲೆಯ ಒಂದು ಚುಕ್ಕೆ. ಹೊಸ್ತಿಲಿನಿಂದ ಹೊರಟ ಕಾಲುದಾರಿಗಳೆಲ್ಲ ಕೂಡಿ ಮಿಲ್ಲಿನ ಗೇಟಿನ ಕಡೆಗೆ ಒಂದೇ ದಾರಿಯಾಗಿ ಹೋಗಿದ್ದವು. ಒಂದು ತುದಿಯಲ್ಲಿ ದೊಡ್ಡ ಮರವೊಂದರ ನೆರಳು. ಅದರ ಪಕ್ಕದಲ್ಲಿ, ವಾಯವ್ಯ ಮೂಲೆಯಲ್ಲಿ, ಆ ಹತ್ತಡಿಯ ತುಂಡು ಉಳಿದೆಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

"ಇದು ಕಾರ್ಖಾನೆ ಬೆಂಕಿ ಅಲ್ಲ ಅಂತ ನನಗನ್ನಿಸುತ್ತೆ," ಎಂದರು ಶಾಹೀನಾ. "ಬೂದಿಯಲ್ಲಿ ಕಬ್ಬಿಣದ ಕಿಟ್ಟ ಇಲ್ಲ, ರಾಸಾಯನಿಕ ಇಲ್ಲ. ಬರೀ ಜಾಲಿ ಸೌದೆ, ಹತ್ತಿಕಟ್ಟಿಗೆ. ಆದರೆ ನನಗನ್ನಿಸಿದ್ದು ಸಾಕ್ಷಿ ಆಗಲ್ಲ. ನೋಡಿದವರು ಬೇಕು." ಇನ್ನೊಂದು ವಿಷಯವನ್ನೂ ಅವರು ಹೇಳಿದರು. ಬೆಂಕಿ ಶುರುವಾದ ಇಪ್ಪತ್ತೆರಡನೇ ವರ್ಷದಲ್ಲಿ, ಮಳೆಗಾಲದ ಮೊದಲಲ್ಲಿ, ಸುಮಾರು ಮೂರು ವಾರ ಆ ಜಾಗ ತಣ್ಣಗಿತ್ತು. ಮೂವತ್ತೊಂದು ವರ್ಷದಲ್ಲಿ ಬೆಂಕಿ ಆರಿದ್ದು ಅದೊಂದೇ ಸಲ. ಇದನ್ನು ಮಂಡಳಿ ಉದ್ದೇಶಪೂರ್ವಕವಾಗಿ ಆಕ್ಷೇಪಣೆಯಲ್ಲಿ ಬರೆದಿಲ್ಲ. ಸಾಕ್ಷಿಗಳು ತಾವಾಗಿ ಅದನ್ನು ಹೇಳಿದರೆ ಮಾತ್ರ ಅವರ ಮಾತು ನಿಜವೆಂದು ಲೆಕ್ಕ. ವಾರಿಜಾ ಅವರಿಗೆ ಸುಳಿವು ಕೊಡಕೂಡದು.

ಸಂಘದ ಕಮಿಟಿಯ ಸಭೆಯಲ್ಲಿ ವಾರಿಜಾ ಆಕ್ಷೇಪಣೆಯನ್ನು ಓದಿದಳು. ಕಮಿಟಿಯಲ್ಲಿದ್ದವರಲ್ಲಿ ಹೆಚ್ಚಿನವರು ಹಳೆಯ ಕಾರ್ಮಿಕರ ಮಕ್ಕಳು, ಲೈನು ಕೆಡವಿದಾಗ ಚಿಕ್ಕವರು. ಹಿರಿಯರು ಷಡಕ್ಷರಪ್ಪನವರ ಮುಖ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ತಮಗೆ ಅಂಥದ್ದೇನೂ ನೆನಪಿಲ್ಲ, ಮಿಲ್ಲಿನ ಕಮ್ಮಾರಸಾಲೆ ಇದ್ದಿರಬಹುದು, ಹಾಗೇ ಬರೆದುಬಿಡಿ ಎಂದರು. ಕಬ್ಬಿಣದ ಕಿಟ್ಟ ಸಿಕ್ಕಿಲ್ಲವೆಂದು ವಾರಿಜಾ ಹೇಳಿದ ಮೇಲೆ ಅವರು ಮುಂದಿನ ವಿಷಯಕ್ಕೆ ಹೋದರು. ಹೊರಗೆ ಬಂದಾಗ ಕಮಿಟಿಯ ಒಬ್ಬರು ಅವಳನ್ನು ಪಕ್ಕಕ್ಕೆ ಕರೆದು, ಒಲೆ ನಿಯಮ ಗೊತ್ತಲ್ಲ, ಸುಮ್ಮನೆ ಕೆದಕಬೇಡಿ ಎಂದು ಮೆಲ್ಲಗೆ ಹೇಳಿದರು. ಒಲೆ ನಿಯಮ ಅವಳಿಗೆ ಗೊತ್ತಿತ್ತು. ಒಂದು ನೆಲದ ಮೇಲೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಯಾರದಾದರೂ ಒಲೆ ಉರಿದದ್ದು ಮಣ್ಣಿನ ಓದಿನಲ್ಲಿ ಸಾಬೀತಾದರೆ, ಕಾಗದವಿರಲಿ ಬಿಡಲಿ, ಅವರ ವಾರಸುದಾರರಿಗೆ ಆ ಜಾಗದ ಹೊಸ ಕಟ್ಟಡದಲ್ಲಿ ಒಂದು ಮನೆ ಕೊಡಬೇಕು. ತೊಂಬತ್ತಾರು ಮನೆಗಳು ಆಗಲೇ ಹಂಚಿಕೆಯಾಗಿದ್ದವು.

ಆ ಸಂಜೆ ವಾರಿಜಾ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಾ ತಾಯಿಗೆ ಇದನ್ನೆಲ್ಲ ಹೇಳಿದಳು. ಸರ್ವಮಂಗಳಮ್ಮ ಅವರೆಕಾಳು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. ಅವರ ಅಣ್ಣ ಶಿವಣ್ಣ ಅದೇ ಮಿಲ್ಲಿನಲ್ಲಿ ನೂಲುವ ವಿಭಾಗದಲ್ಲಿದ್ದವನು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದರೆ ಅವನ ಮೈಯಿಂದ ಹೊಗೆಯ ವಾಸನೆ ಬರುತ್ತಿತ್ತಂತೆ. ತಲೆ ಒದ್ದೆ. ಆಗ ಹತ್ತು ವರ್ಷದವರಾಗಿದ್ದ ಸರ್ವಮಂಗಳಮ್ಮನಿಗೆ ಅದೊಂದು ಸೋಜಿಗ. ಮನೆಯಲ್ಲಿ ಇನ್ನೂ ಬಚ್ಚಲೊಲೆ ಹಚ್ಚಿಲ್ಲ, ಇವನು ಎಲ್ಲಿ ಸ್ನಾನ ಮಾಡಿ ಬಂದ?

"ಕೇಳಿದ್ರೆ, ದುರುಗವ್ವನ ಹಂಡೆ ಅಂತಿದ್ದ," ಎಂದರು ಸರ್ವಮಂಗಳಮ್ಮ. "ನಮ್ಮಜ್ಜಿ ಇದ್ಲಲ್ಲ, ಬೈಯ್ಯೋಳು. ಆಕಿ ಕಾಸಿದ ನೀರು ಮೈಮೇಲೆ ಹಾಕ್ಕಂಡು ಪೂಜಿ ಮುಂದೆ ಹೆಂಗ್ ಕುಂದಿರ್ತೀಯೋ ಅಂತ. ಶಿವಣ್ಣ ನಗೋನು. ಕಿವಿಯಾಗೆ, ಮೂಗಿನಾಗೆ, ಹುಬ್ಬಿನಾಗೆ ಎಲ್ಲಾ ಹತ್ತಿ ಕುಂತಿರುತ್ತಜ್ಜಿ, ಬಿಸಿನೀರು ಬಿದ್ರೆ ಜಾತಿ ನೆನಪಾಗಲ್ಲ ಅನ್ನೋನು."

ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು. ಸರ್ವಮಂಗಳಮ್ಮ ಸ್ವತಃ ಲೈನಿಗೆ ಒಮ್ಮೆಯೂ ಹೋದವರಲ್ಲ, ಹಾಗಾಗಿ ಅವರ ಮಾತು ಸಾಕ್ಷ್ಯವಾಗುವಂತಿರಲಿಲ್ಲ. ಆದರೂ ಅವತ್ತು ರೊಟ್ಟಿ ತಣ್ಣಗಾಗುವವರೆಗೆ ಅವರು ಅಣ್ಣನ ವಿಷಯವನ್ನೇ ಮಾತಾಡಿದರು. ಅವನು ಮಿಲ್ಲಿನಿಂದ ಬರುವಾಗ ಜೇಬಿನಲ್ಲಿ ನೂಲಿನ ಖಾಲಿ ಉರುಳೆ ತರುತ್ತಿದ್ದದ್ದು, ತಂಗಿಯರಿಗೆ ಅವುಗಳಿಂದ ಗಾಡಿ ಮಾಡಿಕೊಡುತ್ತಿದ್ದದ್ದು. ಮಾತಿನ ನಡುವೆ ಒಂದು ಸುಳಿವೂ ಸಿಕ್ಕಿತು. ದುರುಗವ್ವನಿಗೆ ಒಬ್ಬಳು ಮಗಳಿದ್ದಳು, ಕೆಂಚಮ್ಮ. ಅವಳನ್ನು ಹರಿಹರಕ್ಕೆ ಕೊಟ್ಟಿದ್ದರು.

ಹರಿಹರದಲ್ಲಿ ಹುಡುಕಲು ವಾರಿಜಾಳಿಗೆ ನಾಲ್ಕು ದಿನ ಹಿಡಿಯಿತು. ಕೆಂಚಮ್ಮನಿಗೆ ಅರವತ್ತೊಂಬತ್ತು ವರ್ಷ. ಶಾಲೆಯೊಂದರಲ್ಲಿ ಅಡುಗೆಯವಳಾಗಿದ್ದು ನಿವೃತ್ತಳಾಗಿದ್ದಳು. ಹೊಳೆಯ ಹತ್ತಿರದ ಎರಡು ಕೋಣೆಯ ಮನೆಯಲ್ಲಿ ಸೊಸೆ ಮೊಮ್ಮಕ್ಕಳೊಂದಿಗೆ ಇದ್ದಳು. ವಾರಿಜಾ ಬಂದ ಕಾರಣ ಕೇಳಿ ಅವಳು ಸ್ವಲ್ಪ ಹೊತ್ತು ನಂಬಲೇ ಇಲ್ಲ. ನಮ್ಮವ್ವನ ಒಲೆ ಮಣ್ಣಿನಾಗೆ ಕಾಣ್ತೈತಾ ಎಂದು ಎರಡೆರಡು ಸಲ ಕೇಳಿದಳು. ನಂಬಿದ ಮೇಲೆ ಅವಳ ಮಾತಿಗೆ ಕಟ್ಟೆಯೇ ಇರಲಿಲ್ಲ.

ಗಂಡ ಸತ್ತ ಮೇಲೆ ಜಗಳೂರಿನ ಕಡೆಯಿಂದ ಬಂದ ದುರುಗವ್ವನನ್ನು ಮೊದಲು ಮಿಲ್ಲಿನ ಅಂಗಳ ಗುಡಿಸಲು ಇಟ್ಟುಕೊಂಡಿದ್ದರು. ಒಂದು ಚಳಿಗಾಲ ಅವಳು ಮರದ ಪಕ್ಕದಲ್ಲಿ ಮೂರು ಕಲ್ಲಿಟ್ಟು ತನಗಾಗಿ ನೀರು ಕಾಸಿಕೊಳ್ಳುತ್ತಿದ್ದಾಗ, ರಾತ್ರಿ ಪಾಳಿಯಿಂದ ಬಂದ ಒಬ್ಬ ಕಾರ್ಮಿಕ ತನಗೂ ಒಂದು ಚರಿಗೆ ಕೇಳಿದ. ಅಲ್ಲಿಂದ ಶುರು. ಕಾರ್ಮಿಕರೇ ಕೂಡಿ ಎರಡು ದೊಡ್ಡ ತಾಮ್ರದ ಹಂಡೆ ತಂದುಕೊಟ್ಟರು, ಉದ್ದನೆಯ ಒಲೆ ಕಟ್ಟಿದರು, ತಗಡಿನ ಮರೆ ಹಾಕಿದರು. ಅವಳು ಅದರ ಬೆನ್ನಿಗೇ ಒಂದು ಗುಡಿಸಲು ಎಬ್ಬಿಸಿಕೊಂಡಳು. ಮೊದಮೊದಲು ಬೆಂಕಿ ಹಾಕುವುದಷ್ಟೇ ಅವಳ ಕೆಲಸ, ಅವಳ ಜಾತಿಯವರ ಕೈ ನೀರಿಗೆ ತಾಗಬಾರದೆಂದು ಹಂಡೆಯಿಂದ ನೀರು ತೋಡಲು ಬೇರೆಯವನಿದ್ದ. ಆಮೇಲಾಮೇಲೆ ಆ ಬೇರೆಯವನಿಗಾಗಿ ಯಾರೂ ಕಾಯಲಿಲ್ಲ. ಲೈನಿಗೆ ಬಂದ ಮೇಲೆ ಮತ್ತೆ ಮದುವೆಯಾಗಿದ್ದ ದುರುಗವ್ವ, ಮಗಳು ಹುಟ್ಟುವ ಹೊತ್ತಿಗೆ ಆ ಎರಡನೇ ಗಂಡನನ್ನೂ ಕಳೆದುಕೊಂಡಿದ್ದಳು. ಮಗುವನ್ನು ಒಲೆಯ ಬೆಚ್ಚನೆಯ ಬೆನ್ನಿಗೆ ಮಲಗಿಸಿಕೊಂಡೇ ಬೆಂಕಿ ಹಾಕಿದಳು.

"ಐದು ಗಂಟಿಗೆ ಮಿಲ್ಲಿನ ಭೋಂಗಾ ಕೂಗೋದು," ಎಂದಳು ಕೆಂಚಮ್ಮ. "ಅವ್ವ ಅದಕ್ಕಿಂತ ಮುಂಚೆ ಎದ್ದಿರೋಳು. ಗೇಟಿನಿಂದ ಬೆಳ್ಳಗೆ ಬರೋರು ನೋಡ್ರಿ, ಗಂಡಸರೆಲ್ಲಾ ಬೆಳ್ಳಗೆ, ತಲಿ, ಮೀಸಿ ಎಲ್ಲಾ. ನಾನು ಸಣ್ಣಾಕಿ, ಮಿಲ್ಲಿನ ಒಳಗೆ ಹೋದ್ರೆ ಮುದುಕರಾಗ್ತಾರೆ ಅಂದ್ಕಂಡಿದ್ದೆ. ಅವ್ವನ ನೀರು ಬಿದ್ದ ಕೂಡ್ಲೆ ಮತ್ತೆ ವಯಸ್ಸಿನೋರು ಆಗೋರು."

ವಾರಿಜಾ ಎಲ್ಲವನ್ನೂ ದಾಖಲಿಸಿಕೊಂಡಳು. ಕೊನೆಗೆ, ನಿಯಮದಂತೆ, ಒಲೆಯ ಬಗ್ಗೆ ಇನ್ನೇನಾದರೂ ನೆನಪಿದೆಯೇ ಎಂದು ಮಾತ್ರ ಕೇಳಿದಳು. ಕೆಂಚಮ್ಮ ಯೋಚಿಸಿ, ಒಲೆ ಒಂದು ದಿನವೂ ಆರಿದ್ದಿಲ್ಲ ಎಂದಳು. ಆಮೇಲೆ ತಾನೇ ತಿದ್ದಿಕೊಂಡಳು. ಅಲ್ಲ, ಒಂದು ಸಲ ಆರಿತ್ತು. ತಾನು ಎರಡನೇ ಕ್ಲಾಸಿನಲ್ಲಿದ್ದೆ, ಶಾಲೆ ಆಗಷ್ಟೇ ಶುರುವಾಗಿತ್ತು. ಜಗಳೂರಲ್ಲಿ ಅಜ್ಜಿಗೆ ಹುಷಾರಿಲ್ಲವೆಂದು ಅವ್ವ ಇದ್ದಕ್ಕಿದ್ದಂತೆ ಕರೆದುಕೊಂಡು ಹೋದಳು. ಇಪ್ಪತ್ತು ದಿನ ಇದ್ದೆವು. ಹೋಗಿ ನೋಡಿದರೆ ಅಜ್ಜಿ ಚೆನ್ನಾಗಿಯೇ ಇದ್ದಳು, ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಅದೇ ಈಗಲೂ ಅರ್ಥವಾಗಿಲ್ಲ ಎಂದು ಕೆಂಚಮ್ಮ ನಕ್ಕಳು.

ಹಿಂತಿರುಗುವ ಬಸ್ಸಿನಲ್ಲಿ ವಾರಿಜಾಳಿಗೆ ಸಮಾಧಾನವಾಗಿತ್ತು. ಒಂದು ಸಾಕ್ಷಿ ಸಿಕ್ಕಿತ್ತು, ಇಪ್ಪತ್ತು ದಿನಗಳ ಲೆಕ್ಕವೂ ಕೂಡಿತ್ತು. ಇನ್ನೊಬ್ಬರು ಬೇಕಿತ್ತು. ಲೈನಿನ ಹಿರಿಯರಲ್ಲಿ ನೆನಪು ಗಟ್ಟಿಯಿರುವವರನ್ನು ಅವಳು ಹುಡುಕಿಕೊಂಡು ಹೋದಳು. ಬಿಸಿನೀರಿನ ಒಲೆ ಎಂದ ತಕ್ಷಣ ಎಲ್ಲರ ಮುಖವೂ ಒಂದು ಗಳಿಗೆ ಅರಳುತ್ತಿತ್ತು, ಮರುಗಳಿಗೆ ಮುಚ್ಚಿಕೊಳ್ಳುತ್ತಿತ್ತು. ಷಡಕ್ಷರಪ್ಪನವರನ್ನು ಕೇಳಿ, ಅವರು ಹೇಳಿದರೆ ನಾವೂ ಹೇಳುತ್ತೇವೆ ಎನ್ನುತ್ತಿದ್ದರು. ಯಾರಿಗೂ ಅವರನ್ನು ಮೀರಿ ಮಾತಾಡುವ ಮನಸ್ಸಿರಲಿಲ್ಲ. ಮೂವತ್ತರಲ್ಲಿ ಇಪ್ಪತ್ತೊಂದು ದಿನ ಹೀಗೆ ಕಳೆದವು.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಅವಳು ಷಡಕ್ಷರಪ್ಪನವರ ಮನೆಗೆ ಹೋದಳು. ಮಗಳ ಮನೆಯ ಮಹಡಿಯ ಮೇಲೆ, ಬಿಸಿಲು ಬೀಳುವ ಜಾಗದಲ್ಲಿ ಅವರು ಕುರ್ಚಿ ಹಾಕಿಕೊಂಡು ಕೂತಿದ್ದರು. ವಾರಿಜಾ ಏನನ್ನೂ ಕೇಳಲಿಲ್ಲ. ಶಾಹೀನಾ ಕೊಟ್ಟಿದ್ದ ಲೈನಿನ ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ಮುದ್ರಿಸಿ ತಂದಿದ್ದಳು. ಅದನ್ನು ಅವರ ಮುಂದೆ ಹರಡಿದಳು.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ಎಣಿಸುತ್ತಾ ಹೋದರು. ಎರಡನೇ ಸಾಲು, ಏಳನೇ ಮನೆ. ಇದು ನಮ್ಮದು ಎಂದರು. ಮನೆಯ ಮುಂದಿನ ಒಂದು ಸಣ್ಣ ಕಪ್ಪು ಚೌಕ ತೋರಿಸಿ, ಇದು ನಮ್ಮಪ್ಪ ಮಲಗುತ್ತಿದ್ದ ಹೊರಸು, ದಿನವೂ ಅಲ್ಲೇ ಹಾಕುತ್ತಿದ್ದ, ಎಂದರು. ಅಪ್ಪ ಸತ್ತ ಮೇಲೂ ಅದನ್ನು ಅಲ್ಲಿಂದ ಎತ್ತಿರಲಿಲ್ಲವಂತೆ. ಬೆರಳು ಕಾಲುದಾರಿ ಹಿಡಿದು ಗೇಟಿನವರೆಗೆ ಹೋಗಿ, ಅಲ್ಲಿಂದ ತಿರುಗಿ, ಮರದ ನೆರಳಿನ ಹತ್ತಿರ ಬಂದು ನಿಂತಿತು. ಹೊಳೆಯುವ ತುಂಡನ್ನು ಮಾತ್ರ ಅದು ಮುಟ್ಟಲಿಲ್ಲ.

"ಇದ್ರಾಗೆ," ಎಂದರು ಷಡಕ್ಷರಪ್ಪ, ತಲೆ ಎತ್ತದೆ, "ಒಲಿ ಆರಿದ್ದೂ ಕಾಣುತ್ತಾ?"

ವಾರಿಜಾ ಉತ್ತರ ಕೊಡಲಿಲ್ಲ. ಕೊಡುವಂತಿರಲಿಲ್ಲ. ಆದರೆ ಅವಳ ಮೌನವೇ ಅವರಿಗೆ ಸಾಕಾಯಿತು.

ಆಗ ಅವರಿಗೆ ಇಪ್ಪತ್ತೆರಡು ವರ್ಷ. ಮದುವೆ ನಿಶ್ಚಯವಾಗಿತ್ತು, ಮಾವನ ಮನೆಯವರು ಒಂದು ಕೈಗಡಿಯಾರ ಕೊಟ್ಟಿದ್ದರು. ಇಡೀ ಲೈನಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಮನೆಗೆ ಬಂದು ನೋಡಿದರೆ ಗಡಿಯಾರ ಇರಲಿಲ್ಲ. ಗಡಿಯಾರ ಜೇಬಿನಲ್ಲೇ ಇದೆಯೆಂದುಕೊಂಡು ಅಂಗಿಯನ್ನು ತಗಡಿನ ಮರೆಯ ಮೊಳೆಗೆ ನೇತುಹಾಕಿ ಸ್ನಾನಕ್ಕೆ ನಿಂತಿದ್ದರು. ಹತ್ತಿರ ಇದ್ದವಳು ದುರುಗವ್ವ ಒಬ್ಬಳೇ. ಹಾಗೆಂದು ಇವರು ಗೆಳೆಯರ ಹತ್ತಿರ ಅಂದರು. ಅಂದದ್ದು ಅಷ್ಟೇ. ಅರ್ಧ ಗಂಟೆಯಲ್ಲಿ ಹತ್ತು ಜನ ಹೋಗಿ ಗುಡಿಸಲಿನ ಸಾಮಾನನ್ನೆಲ್ಲ ಹೊರಗೆ ಸುರಿದರು. ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಇನ್ನೂ ಸಿಟ್ಟಾಗಿ ಅವಳನ್ನು ಲೈನು ಬಿಟ್ಟು ಹೋಗೆಂದರು. ದುರುಗವ್ವ ಒಲೆಗೆ ನೀರು ಹೊಯ್ದು, ಶಾಲೆಯಿಂದ ಮಗಳನ್ನು ಕರೆದುಕೊಂಡು ಹೊರಟುಹೋದಳು.

"ಹತ್ತು ದಿನಕ್ಕೆ ವಾಚು ಸಿಕ್ತವ್ವಾ," ಎಂದರು ಅವರು. "ಬುತ್ತಿ ಚೀಲದ ಅಸ್ತರು ಹರಿದಿತ್ತು. ಅದರೊಳಗೆ ಇಳಿದು ಕುಂತಿತ್ತು. ನಾನೇ ಹಾಕಿದ್ದೆ, ಮರ್ತಿದ್ದೆ."

ಅವರು ಅದನ್ನು ಯಾರಿಗೂ ಹೇಳಲಿಲ್ಲ. ಗಡಿಯಾರವನ್ನು ಕೆರೆಗೆ ಎಸೆದರು. ಆಮೇಲೆ ಮನೆಮನೆಗೆ ಹೋಗಿ, ಹೋಗಲಿ ಬಿಡಿ, ವಿಧವೆ ಹೆಂಗಸು, ತಪ್ಪು ಮಾಡಿದ್ದರೂ ಕ್ಷಮಿಸೋಣ, ಚಳಿಮಳೆಯಲ್ಲಿ ನಮಗೂ ಕಷ್ಟ, ಎಂದು ಎಲ್ಲರನ್ನೂ ಒಪ್ಪಿಸಿದರು. ತಾವೇ ಜಗಳೂರಿಗೆ ಹೋಗಿ ಅವಳನ್ನು ಕರೆತಂದರು. ಗಡಿಯಾರ ಕಳೆದುಕೊಂಡವನೇ ಕಳ್ಳಿಯನ್ನು ಕ್ಷಮಿಸಿ ಕರೆತಂದನಲ್ಲ ಎಂದು ಇಡೀ ಲೈನು ಅವರನ್ನು ಹೊಗಳಿತು. ಮುಂದಿನ ವರ್ಷ ಕಾರ್ಮಿಕರು ಅವರನ್ನು ತಮ್ಮ ಮುಖಂಡನನ್ನಾಗಿ ಆರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಅವರ ಮಾತಿಗೆ ಯಾರೂ ಎದುರಾಡಿರಲಿಲ್ಲ. ದುರುಗವ್ವ ಇನ್ನೂ ಒಂಬತ್ತು ವರ್ಷ, ಮಿಲ್ಲು ಮುಚ್ಚುವವರೆಗೆ, ಅವರಿಗೆ ದಿನವೂ ನೀರು ತೋಡಿಕೊಟ್ಟಳು. ಅವರು ಅಂಗಿಯನ್ನು ಮೊಳೆಗೆ ಹಾಕಿದರೆ ಅವಳು ಎದ್ದು ದೂರ ಹೋಗಿ ನಿಲ್ಲುತ್ತಿದ್ದಳು.

ತನಗೆ ಅಗತ್ಯವಿದ್ದ ಎರಡನೇ ಸಾಕ್ಷ್ಯ ವಾರಿಜಾಳಿಗೆ ಸಿಕ್ಕಿತ್ತು. ಆದರೆ ಅವಳು ಅದನ್ನು ಅಲ್ಲೇ ಬರೆದುಕೊಳ್ಳಲಿಲ್ಲ. ಕೆಂಚಮ್ಮ ಹೇಳಿದ್ದ ಅಜ್ಜಿಯ ಕಾಯಿಲೆಯ ಕಥೆಯನ್ನು ಅವಳು ಷಡಕ್ಷರಪ್ಪನವರಿಗೆ ತಿಳಿಸಿದಳು. ಇಬ್ಬರ ಸಾಕ್ಷ್ಯವೂ ಒಂದೇ ಕಡತದಲ್ಲಿ ಇರುತ್ತದೆ, ಕೆಂಚಮ್ಮ ಇದನ್ನು ಕಾಗದದಲ್ಲಿ ಓದುವುದಕ್ಕಿಂತ ನಿಮ್ಮ ಬಾಯಿಂದ ಕೇಳುವುದು ಮೇಲು ಎಂದಳು. ಅವರು ತಲೆಯಾಡಿಸಿದರು. ಅಂದು ಮಧ್ಯಾಹ್ನವೇ ಇಬ್ಬರೂ ಹರಿಹರಕ್ಕೆ ಹೋದರು.

ಕೆಂಚಮ್ಮ ಅವರನ್ನು ಗುರುತಿಸಿ, ಬರ್ರಿ ಅಣ್ಣಾರೆ ಎಂದು ಖುಷಿಯಿಂದ ಕೂರಿಸಿದಳು. ಜಗಳೂರಿಗೆ ಬಂದು ತಮ್ಮನ್ನು ಕರೆದುಕೊಂಡು ಬಂದವರು ಇವರೇ ಎಂದು ಸೊಸೆಗೆ ಪರಿಚಯ ಮಾಡಿಸಿದಳು. ದಾರಿಯಲ್ಲಿ ಬತ್ತಾಸು ಕೊಡಿಸಿದ್ದನ್ನೂ ನೆನೆಸಿಕೊಂಡಳು. ಅವಳ ಮಾತು ಮುಗಿಯುವವರೆಗೆ ಷಡಕ್ಷರಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಕೊನೆಗೆ ಎಲ್ಲವನ್ನೂ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ.

ಕೆಂಚಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಗೋಡೆಗೆ ಒರಗಿ ಕೂತಳು.

"ಅವ್ವಂಗೆ ಹೇಳಿದ್ರಾ, ವಾಚು ಸಿಕ್ತು ಅಂತ?"

"ಇಲ್ಲ ತಂಗ್ಯವ್ವ."

"ಆಕಿ ಸತ್ತು ಮೂವತ್ತು ವರ್ಷ ಆತು. ಇಷ್ಟ್ ದಿನ ಅಜ್ಜಿಗೆ ಹುಷಾರಿರ್ಲಿಲ್ಲ ಅಂತಲೇ ನಾನು ತಿಳ್ಕಂಡಿದ್ದೆ. ನಂಗೆ ಗೊತ್ತಾಗಬಾರ್ದು ಅಂತ ಆಕಿ ಅದನ್ನ ಹಂಗೇ ನುಂಗಿದ್ಲು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೊಬ್ಬಾಕಿಗೆ ಹೇಳಿ ಏನು ಮಾಡ್ತೀರಿ ಅಣ್ಣಾರೆ. ಲೈನಿನ ಮುಂದೆ ಕಳ್ಳಿ ಅನ್ನಿಸ್ಕಂಡಾಕಿ ಅವ್ವ. ಲೈನಿನ ಮುಂದೆ ಹೇಳ್ರಿ."

ಮಂಡಳಿಯ ಬಹಿರಂಗ ವಿಚಾರಣೆ ಇಪ್ಪತ್ತೊಂಬತ್ತನೇ ದಿನ ನಿವೇಶನದಲ್ಲೇ ನಡೆಯಿತು. ಜಾಲಿ ಸವರಿ, ಶಾಮಿಯಾನ ಹಾಕಿ, ಕುರ್ಚಿ ಹರಡಿದ್ದರು. ಸಂಘದ ಸದಸ್ಯರು ಮಕ್ಕಳುಮರಿಗಳೊಂದಿಗೆ ಬಂದಿದ್ದರು. ಮಣ್ಣಿನ ಓದಿನ ಚಿತ್ರ ತೋರಿಸಲು ಶಾಹೀನಾ ಒಂದು ಚಿಕ್ಕ ಯಂತ್ರ ತಂದಿದ್ದರು. ಪರಿಶೀಲನಾಧಿಕಾರಿ ಆಕ್ಷೇಪಣೆಗಳನ್ನು ಒಂದೊಂದಾಗಿ ಓದಿದರು, ವಾರಿಜಾ ಉತ್ತರಗಳನ್ನು ಓದಿದಳು. ಹದಿನೇಳನೆಯದು ಬಂದಾಗ ಮೊದಲಿಗೆ ಕೆಂಚಮ್ಮ ಎದ್ದು ತನಗೆ ಗೊತ್ತಿದ್ದಷ್ಟನ್ನು ಹೇಳಿ ಕೂತಳು. ಆಮೇಲೆ ಷಡಕ್ಷರಪ್ಪ ಎದ್ದರು. ಮೈಕು ಕೊಡಲು ಹೋದರೆ ಬೇಡವೆಂದರು. ಸಾವಿರ ಜನರ ಮುಂದೆ ಮಾತಾಡಿದ್ದ ಆ ದನಿ ಮೈಕಿಲ್ಲದೆಯೂ ಕೊನೆಯ ಸಾಲಿನವರಿಗೆ ಕೇಳಿಸಿತು.

"ದುರುಗವ್ವ ಕದ್ದಿರ್ಲಿಲ್ಲ," ಎಂದು ಅವರು ಶುರು ಮಾಡಿದರು.

ಅವರು ಎಲ್ಲವನ್ನೂ ಹೇಳಿ ಮುಗಿಸಿ ಕೂತರು. ಒಲೆ ನಿಯಮದ ವಿಷಯ ವಾರಿಜಾಳ ಕಿವಿಯಲ್ಲಿ ಉಸುರಿದ್ದ ಕಮಿಟಿಯ ಮನುಷ್ಯ ನೆಲ ನೋಡುತ್ತಿದ್ದ. ಆಮೇಲೆ ಮೂರನೇ ಸಾಲಿನಿಂದ ಒಬ್ಬ ಮುದುಕ ಎದ್ದು, ಸಾಮಾನು ಹೊರಗೆ ಸುರಿದವರಲ್ಲಿ ತಾನೂ ಇದ್ದೆ ಎಂದ. ಅವನ ಪಕ್ಕದ ಹೆಂಗಸು, ತಾನು ಬಾಣಂತಿಯಾಗಿದ್ದಾಗ ದುರುಗವ್ವ ಯಾರೂ ಹೇಳದೆಯೇ ದಿನವೂ ಎರಡು ಕೊಡ ಬಿಸಿನೀರು ಬಾಗಿಲಿಗೆ ತಂದಿಡುತ್ತಿದ್ದಳು ಎಂದಳು. ಇನ್ನೊಬ್ಬರಿಗೆ ಹೊಗೆಯ ವಾಸನೆ ನೆನಪಾಯಿತು, ಮತ್ತೊಬ್ಬರಿಗೆ ಅವಳು ನಸುಕಿನಲ್ಲಿ ಕಟ್ಟಿಗೆ ಮುರಿಯುವ ಲಟಲಟ ಸದ್ದು. ಒಲೆಯ ಬೂದಿಯಿಂದ ಹಲ್ಲುಜ್ಜಿದ್ದನ್ನು ಒಬ್ಬರು ಹೇಳಿದರೆ, ಕೊನೆಯ ದಿನ ಮಿಲ್ಲಿಗೆ ಬೀಗ ಬಿದ್ದ ಮೇಲೂ ಅವಳು ಹಂಡೆ ತುಂಬಿಸಿ ಕಾದಿದ್ದನ್ನು, ಅಂದು ಕೆಲಸವಿಲ್ಲದೆಯೂ ಎಲ್ಲರೂ ಹೋಗಿ ಸ್ನಾನ ಮಾಡಿ ಬಂದದ್ದನ್ನು ಇನ್ನೊಬ್ಬರು ಹೇಳಿದರು. ಹತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಆಕ್ಷೇಪಣೆ ಸಂಜೆಯವರೆಗೆ ನಡೆಯಿತು. ಅಧಿಕಾರಿ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಅವರು, ಒಲೆಯ ಬಗೆ ಎನ್ನುವ ಅಂಕಣದಲ್ಲಿ ಕೈಗಾರಿಕೆ, ಗೃಹಬಳಕೆ, ಧಾರ್ಮಿಕ ಎಂದು ಮೂರೇ ಆಯ್ಕೆ ಇದೆ, ಯಾವುದೂ ಇದಕ್ಕೆ ಸರಿಹೊಂದುವುದಿಲ್ಲ, ಏನು ಬರೆಯಲಿ ಎಂದು ವಾರಿಜಾಳನ್ನು ಕೇಳಿದರು. ಅವಳು ಕೆಂಚಮ್ಮನ ಕಡೆ ನೋಡಿದಳು.

"ದುರುಗವ್ವನ ಒಲೆ ಅಂತಲೇ ಬರೀರಿ," ಎಂದಳು ಕೆಂಚಮ್ಮ.

ಹಾಗೇ ಬರೆದರು. ಆಕ್ಷೇಪಣೆ ಇತ್ಯರ್ಥವಾಯಿತು. ಒಲೆ ನಿಯಮದಂತೆ ತೊಂಬತ್ತೇಳನೇ ಮನೆ ಕೊಡಬೇಕಾಯಿತು. ನೆಲಮಹಡಿಯಲ್ಲಿ ಸಂಘದ ಕಚೇರಿಗೆಂದು ಇಟ್ಟಿದ್ದ ಜಾಗವನ್ನೇ ಮನೆಯಾಗಿ ಬದಲಾಯಿಸಲು ಸದಸ್ಯರು ಒಪ್ಪಿದರು. ಒಂದಿಬ್ಬರು ಗೊಣಗಿದರು, ಆದರೆ ಕೈ ಎತ್ತುವಾಗ ಅವರೂ ಎತ್ತಿದರು. ಷಡಕ್ಷರಪ್ಪ ಕಾರ್ಯದರ್ಶಿ ಸ್ಥಾನಕ್ಕೆ ಅಂದೇ ರಾಜೀನಾಮೆ ಬರೆದುಕೊಟ್ಟರು. ಯಾರೂ ಅದನ್ನು ಬೇಡವೆನ್ನಲಿಲ್ಲ.

ಜನ ಚದುರಿದ ಮೇಲೆ ವಾರಿಜಾ ಕಡತಗಳನ್ನು ಕಟ್ಟುತ್ತಿದ್ದಳು. ಶಾಹೀನಾ ಯಂತ್ರವನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ಬಯಲಿನ ನಡುವೆ ಷಡಕ್ಷರಪ್ಪ ಕೋಲೂರಿಕೊಂಡು ನಿಂತಿದ್ದರು. ಕೆಂಚಮ್ಮ ಒಬ್ಬಳೇ ಆ ಕಡೆ ಈ ಕಡೆ ಹೆಜ್ಜೆ ಎಣಿಸುತ್ತಾ ನಡೆದಾಡುತ್ತಿದ್ದಳು. ಆಮೇಲೆ ಕೆಂಚಮ್ಮ ಒಂದು ಕಡೆ ನಿಂತು, ಬೇವಿನ ಮರ ಇದ್ದದ್ದು ಇಲ್ಲೇ ಎಂದಳು, ಯಾರಿಗೆಂದಿಲ್ಲದೆ.

"ಅಲ್ಲಲ್ಲ," ಎಂದರು ಷಡಕ್ಷರಪ್ಪ. "ಇನ್ನೂ ಆಚೆ. ನಮ್ಮ ಹೊಸ್ತಿಲಿಗೆ ನೇರ."

"ನಿಮ್ಮ ಹೊಸ್ತಿಲು ಅಲ್ಲೆಲ್ಲಿತ್ತು? ನಾನು ಆ ಮರದಾಗೆ ಜೋಕಾಲಿ ಆಡಿ ಬೆಳ್ದಾಕಿ."

"ನಾನು ಅದರ ಬುಡದಾಗೆ ಕುಂತು ನಲವತ್ತು ಮೀಟಿಂಗ್ ಮಾಡೀನಿ."

ಅವಳು ಒಪ್ಪಲಿಲ್ಲ. ಅವರೂ ಸೋಲಲಿಲ್ಲ. ಅವಳು ಇತ್ತ ನಾಲ್ಕು ಹೆಜ್ಜೆ ಎಣಿಸಿದರೆ ಅವರು ಕೋಲಿನಿಂದ ಅತ್ತ ಗೆರೆ ಎಳೆದರು. ಶಾಹೀನಾ ಹತ್ತಿರ ಹೋಗಿ, ಜಗಳ ಯಾಕೆ, ಯಂತ್ರ ಇನ್ನೂ ಕಟ್ಟಿಲ್ಲ, ಎರಡೇ ನಿಮಿಷದಲ್ಲಿ ಮರ ಎಲ್ಲಿತ್ತು ತೋರಿಸುತ್ತೇನೆ ಎಂದರು.

ಇಬ್ಬರೂ ಒಟ್ಟಿಗೇ ಬೇಡ ಎಂದು ಕೈಯಾಡಿಸಿದರು. ಕೆಂಚಮ್ಮ ಮತ್ತೆ ಮೊದಲಿನಿಂದ, ಗೇಟಿನ ಕಡೆಯಿಂದ, ಹೆಜ್ಜೆ ಎಣಿಸಲು ಹೋದಳು. ಷಡಕ್ಷರಪ್ಪ ಕೋಲೂರಿಕೊಂಡು ಅವಳ ಹಿಂದೆಯೇ ನಡೆದರು.